ಮೂರು ತಿರುಳಿನ ಬಿಲ್ಲೆ

ನಮ್ಮ ಊರಿನಲ್ಲಿ ಒರೆಸುಗಾಳಿ ಬೀಸುವುದು ಕಾರಹುಣ್ಣಿಮೆಯಾಗಿ ಒಂದು ವಾರದೊಳಗೆ, ಯಾವಾಗಲೂ ಬೆಳಗಿನ ಹೊತ್ತು. ಅರ್ಧ ಗಂಟೆ ಬೀಸಿ ಹೋಗುತ್ತದೆ. ಬೇವಿನ ಮರದ ಎಲೆ ಅಲುಗುವುದಿಲ್ಲ, ಹಗ್ಗದ ಮೇಲೆ ಹಾಕಿದ ಸೀರೆಯ ಸೆರಗೂ ಹಾರುವುದಿಲ್ಲ. ಆದರೆ ಹಿಟ್ಟಿನ ಗಿರಣಿಯಿಂದ ಹಿಡಿದು ಹೆರಿಗೆ ಆಸ್ಪತ್ರೆಯವರೆಗೆ ಊರಿನಲ್ಲಿರುವ ಅಷ್ಟೂ ಕಂಪ್ಯೂಟರುಗಳು ಆಗಷ್ಟೇ ಹುಟ್ಟಿದ ಕೂಸಿನಂತೆ ಏನೂ ಗೊತ್ತಿಲ್ಲದೆ ಕೂರುತ್ತವೆ. ಗುಂಡಿ ಒತ್ತಿದರೆ ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಟುಕುವ ಒಂದು ಬಿಳಿ ಗೆರೆ, ಅಷ್ಟೇ. ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಬೇಕಾದ ನಂಬರುಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತೇವೆ. ಮದುವೆಯ ಫೋಟೋಗಳನ್ನು ಮೊದಲೇ ಕಾಗದದ ಮೇಲೆ ತೆಗೆಸಿಡುತ್ತೇವೆ. ಹೇಗೂ ಅಳಿಸಿಹೋಗುತ್ತದಲ್ಲ ಎಂದು ಗಾಳಿಯ ಹಿಂದಿನ ವಾರ ಜನ ಒಬ್ಬರಿಗೊಬ್ಬರು ಬಾಯಿಗೆ ಬಂದಂತೆ ಬರೆದು ಕಳಿಸುತ್ತಾರೆ. ಹೋದ ವರ್ಷ ನನ್ನ ನಾದಿನಿ ಕಳಿಸಿದ್ದನ್ನು ನಾನು ಗಾಳಿ ಬರುವ ಮೊದಲೇ ಕಾಗದಕ್ಕೆ ಇಳಿಸಿಕೊಂಡಿದ್ದೇನೆ, ಅದು ಬೇರೆ ಮಾತು.

ಗಾಳಿ ಅಳಿಸಲಾರದ್ದು ಒಂದೇ. ಮುಚ್ಚಿದ ಮುಷ್ಟಿಯೊಳಗೆ ಪೂರ್ತಿ ಅಡಗುವ ವಸ್ತುವಿನ ತಂಟೆಗೆ ಅದು ಬರುವುದಿಲ್ಲ. ಅದಕ್ಕೇ ನಮ್ಮ ಬಿಲ್ಲೆಗಳು ಅಷ್ಟು ಸಣ್ಣವು, ಹಳೆಯ ರೂಪಾಯಿ ನಾಣ್ಯಕ್ಕಿಂತ ತುಸು ಅಗಲ. ಗಾಳಿ ಬೀಸುವಷ್ಟು ಹೊತ್ತು ಪ್ರತಿ ಮನೆಯಲ್ಲಿ ಒಬ್ಬರು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಾರೆ. ಗಾಳಿ ನಿಂತ ಮೇಲೆ ಅದನ್ನು ಯಂತ್ರದ ಬಾಯಿಗೆ ಹಾಕಿದರೆ ಯಂತ್ರ ಎದ್ದು ಕೂತು ಮೊದಲಿನಿಂದ ಎಲ್ಲವನ್ನೂ ಕಲಿಯುತ್ತದೆ. ಒಂದು ಬಿಲ್ಲೆಯಲ್ಲಿ ಹಿಡಿಯುವುದು ಇನ್ನೂರು ಎಂಬಿ. ಹೆಚ್ಚು ತುಂಬಬೇಕೆಂದರೆ ಬಿಲ್ಲೆ ಅಗಲವಾಗಬೇಕು, ಅಗಲವಾದರೆ ಬೆರಳ ಸಂದಿಯಿಂದ ಇಣುಕುತ್ತದೆ, ಇಣುಕಿದರೆ ಗಾಳಿ ಒರೆಸಿ ಹಾಕುತ್ತದೆ. ಇನ್ನೂರು ಎಂದರೆ ಇನ್ನೂರೇ, ಅದರಲ್ಲಿ ಚೌಕಾಸಿ ಇಲ್ಲ.

ಆ ಇನ್ನೂರರೊಳಗೆ ಏನಿರಬೇಕು ಎಂದು ನೋಡಿ ಅಚ್ಚು ಕಟ್ಟುವವಳು ನಾನು, ಶಾವಂತ್ರಿ. ಬಿಲ್ಲೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ನಾನು ಕಟ್ಟಿಕೊಟ್ಟ ಅಚ್ಚನ್ನು ಗುರುಪಾದಪ್ಪನವರು ಒತ್ತುಯಂತ್ರದಲ್ಲಿಟ್ಟು ಮೂರು ಸಾವಿರ ಬಿಲ್ಲೆಗಳ ಮೇಲೆ ಒತ್ತುತ್ತಾರೆ. ಯಂತ್ರವನ್ನು ಮೊದಲು ಎಬ್ಬಿಸುವ ಭಾಗಕ್ಕೆ ಪುಸ್ತಕದಲ್ಲಿ ಕರ್ನೆಲ್ ಎಂದು ಬರೆದಿರುತ್ತದೆ, ನಾವು ತಿರುಳು ಅನ್ನುತ್ತೇವೆ. ಎಲ್ಲ ಯಂತ್ರಕ್ಕೂ ಒಂದೇ ತಿರುಳು ಒಗ್ಗುವುದಿಲ್ಲ. ಹೊಸ ತಿರುಳು ಮಾಡುವವರು ಹಳೆಯ ಭಾಗಗಳನ್ನು ಗುರುತಿಸುವುದನ್ನೇ ಬಿಟ್ಟಿರುತ್ತಾರೆ, ಹಾಗಾಗಿ ಹಳೆಯ ಯಂತ್ರಕ್ಕೆ ಅದನ್ನು ಹಾಕಿದರೆ ತನ್ನ ಕೈಕಾಲು ಎಲ್ಲಿವೆ ಎಂದೇ ಅದಕ್ಕೆ ತಿಳಿಯುವುದಿಲ್ಲ. ಹೊಸ ಯಂತ್ರಕ್ಕೆ ಹಳೆಯ ತಿರುಳು ಹಾಕಿದರೆ ಅದು ಏಳುವುದೇ ಇಲ್ಲ. ಅದಕ್ಕಾಗಿ ನಮ್ಮ ಬಿಲ್ಲೆಯಲ್ಲಿ ಹಳೆಯದೊಂದು, ನಡುವಿನದೊಂದು, ಹೀಗೆ ಎರಡು ತಿರುಳುಗಳನ್ನು ಮಡಿಚಿ ಮಡಿಚಿ ಇಡುತ್ತಿದ್ದೆ. ಯಂತ್ರದ ಮುಖ ನೋಡಿ ಯಾವುದು ಬೇಕೋ ಅದನ್ನು ಬಿಲ್ಲೆಯೇ ಬಿಚ್ಚಿಕೊಡುತ್ತಿತ್ತು.

ಎರಡು ಬಗೆಯ ಬಿಲ್ಲೆಗಳನ್ನೇ ಮಾಡಬಹುದಲ್ಲ ಎಂದು ನಮ್ಮೂರಿಗೆ ಬಂದು ಕೇಳಬೇಡಿ. ನಾನು ಚಿಕ್ಕವಳಿದ್ದಾಗ ಎರಡು ಬಗೆ ಇತ್ತು, ಮೇಲಿನ ಓಣಿಗಳಿಗೆ ಒಂದು, ಕೆಳಗಿನ ಓಣಿಗಳಿಗೆ ಒಂದು. ಮೇಲಿನವರ ಬಿಲ್ಲೆ ಗಾಳಿಗಿಂತ ಹತ್ತು ದಿನ ಮೊದಲೇ ಕೈಸೇರುತ್ತಿತ್ತು. ನಮ್ಮದು ಇನ್ನೂ ಬರುತ್ತಿದೆ ಎನ್ನುತ್ತಿದ್ದರು. ಒಂದು ವರ್ಷ ಅದು ಬರಲೇ ಇಲ್ಲ, ನಮ್ಮ ಓಣಿಯ ಯಂತ್ರಗಳು ದೀಪಾವಳಿಯವರೆಗೆ ಮಲಗಿದ್ದವು. ಆಗ ನನ್ನ ಅವ್ವ ಮತ್ತು ನಲವತ್ತು ಹೆಂಗಸರು ಬಿಲ್ಲೆಮನೆಯ ಬಾಗಿಲಲ್ಲಿ ಹನ್ನೊಂದು ದಿನ ಕೂತರು. ಹನ್ನೆರಡನೆಯ ದಿನ ಎರಡನೆಯ ಅಚ್ಚನ್ನು ಅಂಗಳಕ್ಕೆ ಎಳೆದು ತಂದು ಒನಕೆಯಿಂದ ಪುಡಿ ಮಾಡಿದರು. ಅಂದಿನಿಂದ ಊರಿಗೆಲ್ಲ ಒಂದೇ ಅಚ್ಚು. ಊರ ಕಮಿಟಿಯ ಅಧ್ಯಕ್ಷರ ಮನೆಗೂ ಅದೇ ಬಿಲ್ಲೆ, ಚಪ್ಪಲಿ ಹೊಲಿಯುವವರ ಮನೆಗೂ ಅದೇ ಬಿಲ್ಲೆ.

ಈ ವರ್ಷ ಮೇಲಿನ ಓಣಿಗಳಿಗೂ ಕಮಿಟಿಯ ಕಚೇರಿಗೂ ಹೊಸ ಯಂತ್ರಗಳು ಬಂದವು. ತೆಳ್ಳಗೆ, ಬೆಳ್ಳಗೆ, ನೋಡಲು ಚೆನ್ನಾಗಿಯೇ ಇದ್ದವು. ಆದರೆ ನನ್ನ ಎರಡು ತಿರುಳುಗಳಲ್ಲಿ ಯಾವುದಕ್ಕೂ ಅವು ಸೊಪ್ಪು ಹಾಕಲಿಲ್ಲ. ಅವಕ್ಕೆ ಮೂರನೆಯದೇ ಬೇಕು, ಅದೋ ತಿಂದು ಕೊಬ್ಬಿದ ತಿರುಳು, ಅದೊಂದೇ ಮೂವತ್ತನಾಲ್ಕು ಎಂಬಿ. ಇದ್ದ ಆಟಗಳನ್ನೆಲ್ಲ ತೆಗೆದೆ. ಪರದೆಯ ಮೇಲಿನ ಗುಲಾಬಿ ಹೂವಿನ ಚಿತ್ರ ತೆಗೆದೆ, ಎದ್ದಾಗ ಬಾರಿಸುವ ಸಂಗೀತ ತೆಗೆದೆ, ಊರಿನಲ್ಲಿ ಯಾರೂ ಓದದ ಭಾಷೆಗಳ ಅಕ್ಷರಗಳನ್ನು ತೆಗೆದೆ. ಅಷ್ಟಾದರೂ ಹದಿನಾಲ್ಕು ಎಂಬಿ ಹೊರಗೆ ಉಳಿಯಿತು. ಅಷ್ಟರಲ್ಲಿ ಅಧ್ಯಕ್ಷರಿಂದ ಕರೆ ಬಂತು.

ಅಧ್ಯಕ್ಷ ಈರಪಾಕ್ಷಪ್ಪ ಹಂಚಿನಾಳರು ಕೆಟ್ಟ ಮನುಷ್ಯರಲ್ಲ. ಎದುರಿಗೆ ಬಂದವರಿಗೆ ಮೊದಲು ಕುರ್ಚಿ ಕೊಡುತ್ತಾರೆ, ಆಮೇಲೆ ಚಹಾ ಕೊಡುತ್ತಾರೆ, ಆಮೇಲೆ ಇಲ್ಲ ಅನ್ನುತ್ತಾರೆ. ನನಗೂ ಕುರ್ಚಿ, ಚಹಾ ಎರಡೂ ಆದವು.

"ಶಾವಂತ್ರೆವ್ವಾರ, ಇದರಾಗ ಇಷ್ಟು ವಿಚಾರ ಮಾಡೂದು ಏನೈತಿ? ಹಳೇ ತಿರುಳು ತಗೀರಿ, ಹೊಸದು ಹಾಕ್ರಿ. ಹಳೇದು ಬೇಕಾಗಿದ್ದು ಮೂವತ್ತೊಂದ ಯಂತ್ರಕ್ಕ. ಮೂವತ್ತೊಂದರ ಸಲುವಾಗಿ ಊರ ಮಂದಿ ಎಲ್ಲಾ ಒದ್ದಾಡಬೇಕೇನು?" ಎಂದರು.

"ಹೊಸದು ಬೇಕಾಗಿದ್ದು ಎಷ್ಟಕ್ಕರೀ?" ಎಂದು ಕೇಳಿದೆ.

ಅವರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಕಾಗದ ನೋಡಿ ನಲವತ್ತು ಎಂದ.

"ಹಂಗಾದ್ರ ಒಂಬತ್ತು ಯಂತ್ರದ ಬಹುಮತ ನಿಮ್ಮದು" ಎಂದೆ.

ಅಧ್ಯಕ್ಷರು ನಗಲಿಲ್ಲ. "ಹಳೆಯವಕ್ಕ ಏನೂ ಕೊಡೂದಿಲ್ಲ ಅಂತ ಯಾರು ಅಂದ್ರು? ಅವಕ್ಕ ಒಂದು ಬ್ಯಾರೆ ಬಿಲ್ಲಿ ಒತ್ತಿಸೋಣು. ಆಮ್ಯಾಲ."

"ಆಮ್ಯಾಲ ಅಂದ್ರ ಯಾವಾಗರೀ?"

"ಆಮ್ಯಾಲ ಅಂದ್ರ ಆಮ್ಯಾಲ. ಗಾಳಿ ಮುಗೀಲಿ, ನೋಡೋಣು."

ನನಗೆ ಮೈಯೆಲ್ಲ ಉರಿಯಿತು. ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಎರಡನೆಯ ಅಚ್ಚು ಪುಡಿಯಾಗಿ ನಲವತ್ತು ವರ್ಷವಾಯಿತು, ಇವರಿಗೆ ಅದರ ಮೇಲಿನ ಆಸೆ ಮಾತ್ರ ಪುಡಿಯಾಗಿಲ್ಲ.

ಆ ಮೂವತ್ತೊಂದು ಯಂತ್ರಗಳಲ್ಲಿ ಒಂದು ಜೈತುನ್ ಟೀಚರ ಶಾಲೆಯದು. ಕೆಳಗಿನ ಓಣಿಯ ಕೊನೆಯಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆ ಇದೆ. ಹದಿನಾಲ್ಕು ಮಕ್ಕಳು, ಒಬ್ಬರೇ ಟೀಚರು. ಟೀಚರಿಗೂ ಹುಟ್ಟಿನಿಂದ ಕಣ್ಣಿಲ್ಲ. ಅಲ್ಲೊಂದು ಬ್ರೈಲ್ ಮುದ್ರಿಸುವ ಯಂತ್ರವಿದೆ, ಓಣಿಯವರು ಚುಕ್ಕಿಯಂತ್ರ ಅನ್ನುತ್ತಾರೆ. ಕಬ್ಬಿಣದ ಮೈ, ಇಬ್ಬರು ಹಿಡಿದರೆ ಮಾತ್ರ ಎತ್ತಬಹುದು, ದಪ್ಪ ಕಾಗದಕ್ಕೆ ಚುಕ್ಕಿ ಹೊಡೆಯಲು ಶುರು ಮಾಡಿತೆಂದರೆ ಪಕ್ಕದ ಮನೆಯವರು ಮಾತು ನಿಲ್ಲಿಸಬೇಕು. ಅದರ ಜೊತೆಗಿರುವ ಕಂಪ್ಯೂಟರು ಹಳೆಯ ತಿರುಳಿಗೆ ಬಿಟ್ಟರೆ ಇನ್ನಾವುದಕ್ಕೂ ಏಳುವುದಿಲ್ಲ. ಅಂಥ ಇನ್ನೊಂದು ಚುಕ್ಕಿಯಂತ್ರ ಕೊಡಿಸಿ ಎಂದು ಟೀಚರು ಕಮಿಟಿಯನ್ನು ಕೇಳುತ್ತ ಹನ್ನೊಂದು ವರ್ಷವಾಗಿದೆ. ಮಕ್ಕಳ ಬೆರಳು ವರ್ಷವಿಡೀ ಓಡಾಡಿ ಪುಸ್ತಕದ ಚುಕ್ಕಿಗಳು ಸವೆದು ಹೋಗುತ್ತವೆ. ಅದಕ್ಕಾಗಿ ಗಾಳಿಯಾದ ದಿನದಿಂದಲೇ ಟೀಚರು ಹಳೆಯ ಪುಸ್ತಕದ ಒಂದೊಂದು ಸಾಲನ್ನು ಮುಟ್ಟಿ ಓದಿ, ಆ ಸಾಲನ್ನು ಟೈಪ್ ಮಾಡಿ, ಹತ್ತು ದಿನದಲ್ಲಿ ಹೊಸ ಪುಸ್ತಕ ಹೊಡೆಯುತ್ತಾರೆ. ಒಂದು ವರ್ಷ ತಪ್ಪಿದರೆ ಮರುವರ್ಷ ಓದಿ ಹೊಡೆಯಲು ಹಳೆಯ ಪುಟದಲ್ಲಿ ಚುಕ್ಕಿಗಳೇ ಉಳಿದಿರುವುದಿಲ್ಲ.

ವಿಷಯ ತಿಳಿಸಲು ನಾನೇ ಹೋದೆ. ಟೀಚರು ಶಾಲೆಯ ಜಗುಲಿಯ ಮೇಲೆ ಕೂತು ಹರಿದ ಪುಟಗಳಿಗೆ ಅಂಟು ಹಚ್ಚುತ್ತಿದ್ದರು. ಎಲ್ಲ ಕೇಳಿಸಿಕೊಂಡರು.

"ಬ್ಯಾರೆ ಬಿಲ್ಲಿ?" ಎಂದರು. "ಬ್ಯಾರೆ ಕಪ್ಪಿನಾಗ ಚಾ ಕೊಡೂದು ಊರಾಗ ನಿಂತೈತಿ ಅಂತ ಮಾಡಿದ್ದೆ ನಾನು. ಒಲ್ಲೆವಾ. ಅಂಥಾದ್ದು ಕೊಟ್ರ ತಂದು ಹಂಚಿನಾಳರ ಅಂಗಳದಾಗ ಒಗೀತೀನಿ."

"ಒಗದ್ರ ಹುಡುಗೂರ ಪುಸ್ತಕ ಏನ್ಮಾಡ್ತೀರಿ ಟೀಚರ್?"

ಟೀಚರು ಅಂಟಿನ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಅವರ ಮುಖದಲ್ಲಿ ಆಗ ಹೆದರಿಕೆ ಕಂಡಿತು, ನಾನು ಅದನ್ನು ಅವರಲ್ಲಿ ಎಂದೂ ಕಂಡಿರಲಿಲ್ಲ. "ಅದನ್ನ ನೀ ವಿಚಾರ ಮಾಡು. ಅಚ್ಚು ಕಟ್ಟಾಕಿ ನೀನೋ ನಾನೋ? ಎಷ್ಟು ಜಾಗ ಕಡಿಮಿ ಬಿದ್ದೈತಿ?"

"ಹದಿನಾಲ್ಕು ಎಂಬಿ."

"ಅಂದ್ರ ಎಷ್ಟು? ಕಾಗದದ ಲೆಕ್ಕದಾಗ ಹೇಳು."

ನೂರರಲ್ಲಿ ಏಳು ಪುಟ ಹೆಚ್ಚಾದಂತೆ ಎಂದೆ. ಟೀಚರು ಜೋರಾಗಿ ನಕ್ಕರು.

"ಇಷ್ಟಕ್ಕ ಮಾರಿ ಸಣ್ಣದು ಮಾಡ್ಕೊಂಡು ಬಂದೀಯಾ? ನನ್ನ ಮುಂದ ಜಾಗದ ಮಾತು ಆಡಬ್ಯಾಡ ನೀ. ನಿಮ್ಮ ಕಣ್ಣಿದ್ದವರ ಒಂದು ಪುಸ್ತಕ ನನ್ನ ಕಡೆ ಮೂರು ಪುಸ್ತಕ ಆಗತೈತಿ. ಮೊದಲು ಮೊದಲು ಪದಗಳ ಅರ್ಥ ಮೂರೂ ಪುಸ್ತಕದ ಹಿಂದ ಹೊಡೀತಿದ್ದೆ. ಮೂರು ಸಲ ಅದನ್ನ ಹೊಡೀಬೇಕು ಯಾಕ? ಈಗ ಅರ್ಥದ ಪುಸ್ತಕ ಒಂದ ಹೊಡದು ಮೇಜಿನ ನಡುವ ಇಡತೀನಿ. ಯಾವ ಭಾಗ ಓದೂ ಹುಡುಗೂರಾದ್ರೂ ಕೈ ಚಾಚಿ ಅದನ್ನ ನೋಡಿಕೊಳ್ತಾರ."

ನಾನು ಜಗುಲಿಯಿಂದ ಎದ್ದೇಬಿಟ್ಟೆ. ನನ್ನ ಮೂರು ತಿರುಳುಗಳ ಹಿಂದೆಯೂ ಇಂಥ ಒಂದೊಂದು ಅರ್ಥದ ಪುಸ್ತಕವಿದೆ. ಕೀಲಿಮಣೆಗೆ ಹೇಗೆ ಮಾತಾಡಬೇಕು, ಪರದೆಗೆ ಹೇಗೆ, ಮುದ್ರಣಯಂತ್ರಕ್ಕೆ ಹೇಗೆ ಎಂದು ಹೇಳುವ ಸಣ್ಣ ಸಣ್ಣ ಕಡತಗಳು, ನೂರಾರು. ಅವುಗಳಲ್ಲಿ ಎಷ್ಟೋ ಕಡತಗಳು ಮೂರೂ ತಿರುಳಿಗೆ ಅವೇ. ನಾನು ಮಾತ್ರ ಇಪ್ಪತ್ತಾರು ವರ್ಷದಿಂದ ಪ್ರತಿ ತಿರುಳಿನ ಬೆನ್ನಿಗೂ ಒಂದು ಗಂಟು ಕಟ್ಟಿ ಕಳಿಸುತ್ತಿದ್ದೆ, ಏಕೆಂದರೆ ನನಗೆ ಕಲಿಸಿದವರು ಹಾಗೆ ಕಟ್ಟುತ್ತಿದ್ದರು. ಬಿಲ್ಲೆಮನೆಗೆ ಬಂದು ಮೂರು ಗಂಟುಗಳನ್ನೂ ಬಿಚ್ಚಿ ಹರವಿದೆ. ಒಂದೇ ಬಗೆಯವನ್ನು ನಡುವೆ ಒಂದೇ ಕಡೆ ಇಟ್ಟು, ಮೂರೂ ತಿರುಳುಗಳಿಗೆ ದಾರಿ ತೋರಿಸಿದೆ. ನಾಲ್ಕು ದಿನ ಹಿಡಿಯಿತು. ಕೊನೆಗೆ ಅಳೆದು ನೋಡಿದರೆ ಎಂಟು ಎಂಬಿ ಉಳಿತಾಯವಾಗಿತ್ತು. ಇನ್ನು ಬೇಕಾದದ್ದು ಆರು.

ಆ ಆರನ್ನು ಹೇಗೆ ಉಳಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹಳೆಯ ತಿರುಳಿಗೆ ಮಾತ್ರ ಸೇರಿದ ಕಡತಗಳ ಪಟ್ಟಿ ತೆಗೆದೆ. ವಿಚಿತ್ರ ವಿಚಿತ್ರ ಹೆಸರುಗಳು, ಮೂವತ್ತು ವರ್ಷ ಹಿಂದಿನ ತಂತಿಗಳು, ಈಗ ಯಾರೂ ಮಾಡದ ಕಾರ್ಡುಗಳು. ಒಂದೊಂದನ್ನೂ ನೋಡಿ ಅಳಿಸಿದೆ. ಆರು ಎಂಬಿ ಬರುವವರೆಗೂ ಅಳಿಸಿದೆ. ಅಚ್ಚು ಸರಿಯಾಗಿ ಇನ್ನೂರಕ್ಕೆ ಬಂದು ನಿಂತಿತು. ಬಿಲ್ಲೆಮನೆಯ ಹಳೆಯ ಯಂತ್ರದಲ್ಲಿ ಹಾಕಿ ನೋಡಿದೆ, ಸೊಗಸಾಗಿ ಎದ್ದಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒತ್ತುವ ಮೊದಲು ಟೀಚರ ಯಂತ್ರದಲ್ಲೂ ಒಮ್ಮೆ ನೋಡೋಣ ಎಂದು ಹೇಳಿ ಕಳಿಸಿದೆ. ಅವರು ತರಕಾರಿಯ ತಳ್ಳುಗಾಡಿಯ ಮೇಲೆ ಕಂಪ್ಯೂಟರನ್ನೂ ಚುಕ್ಕಿಯಂತ್ರವನ್ನೂ ಹೇರಿಸಿಕೊಂಡು ಬಂದರು. ಬಿಲ್ಲೆ ಹಾಕಿದೆವು. ಯಂತ್ರ ಎದ್ದಿತು. ಟೀಚರು ಒಂದು ಸಾಲು ಟೈಪ್ ಮಾಡಿ, ಕಾಗದ ಸಿಕ್ಕಿಸಿ ಗುಂಡಿ ಒತ್ತಿದರು. ಚುಕ್ಕಿಯಂತ್ರ ಸುಮ್ಮನಿತ್ತು. ಮತ್ತೆ ಒತ್ತಿದರು. ಸುಮ್ಮನಿತ್ತು. ಟೀಚರು ಕಾಗದದ ಮೇಲೆ ಬೆರಳಾಡಿಸಿದರು.

"ನುಣ್ಣಗೈತಿ" ಎಂದರು.

ನಾನು ಅಳಿಸಿದ್ದ ಪಟ್ಟಿಯನ್ನು ಮೇಲಿನಿಂದ ಓದಿದೆ. ನಲವತ್ತೆರಡನೆಯ ಸಾಲಿನಲ್ಲಿ ಅದು ಸಿಕ್ಕಿತು. ಚುಕ್ಕಿಯಂತ್ರದ ತಂತಿಯ ಜೊತೆ ಮಾತಾಡುವ ಕಡತ.

"ಅದನ್ನ ಯಾರು ತಗದ್ರು?" ಎಂದು ಟೀಚರು ಕೇಳಿದರು.

"ನಾನ ಟೀಚರ್."

"ಯಾಕ?"

"ಇಂಥಾದ್ದು ಈಗ ಯಾರು ಬಳಸತಾರ ಅಂತ..."

"ಹಂಚಿನಾಳರು ಕೇಳಿದ್ದೂ ಅದನ್ನ ಅಲ್ಲೇನು?" ಎಂದರು ಟೀಚರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಯಿತು, ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆ ಒಂದು ಕಡತವನ್ನು ಮಾತ್ರ ವಾಪಸು ಹಾಕಿದ್ದರೆ ಟೀಚರ ಕೆಲಸ ಆಗುತ್ತಿತ್ತು. ಅದು ಸಾಸಿವೆಯಷ್ಟು. ಆದರೆ ಉಳಿದ ಮೂವತ್ತು ಯಂತ್ರಗಳ ಒಳಗೆ ಯಾವ ತಂತಿ, ಯಾವ ಕಾರ್ಡು ಎಂದು ನನಗೇನು ಗೊತ್ತು? ಮನೆಯವರನ್ನು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ, ಬಿಲ್ಲೆ ಹಾಕುತ್ತೇವೆ, ಏಳುತ್ತದೆ ಅನ್ನುತ್ತಾರೆ. ಯಾರ ಮನೆಯದು ಬೇಕು, ಯಾರದು ಬೇಡ ಎಂದು ಕೂತಲ್ಲೇ ಹೇಳಲು ನಾನು ಯಾರು? ಅಳಿಸಿದ್ದ ಆರು ಎಂಬಿಯನ್ನೂ ಒಂದಕ್ಷರ ಬಿಡದೆ ವಾಪಸು ಹಾಕಿದೆ. ಅಚ್ಚು ಇನ್ನೂರಾರಕ್ಕೆ ಹೋಯಿತು. ಗಾಳಿಗೆ ಇನ್ನು ಒಂಬತ್ತು ದಿನ ಇರಬಹುದು ಎಂದು ಹಿರಿಯರು ಹೇಳುತ್ತಿದ್ದರು. ಅಚ್ಚಿನಲ್ಲಿ ಕೈ ಹಾಕದೆ ಉಳಿದಿದ್ದದ್ದು ಒಂದೇ, ಅಧ್ಯಕ್ಷರ ಶುಭಾಶಯ.

ಆ ಶುಭಾಶಯದ ತೂಕ ಏಳು ಎಂಬಿ. ಬಿಲ್ಲೆ ಹಾಕಿದ ಕೂಡಲೇ ಪರದೆಯ ತುಂಬ ಹಂಚಿನಾಳರು ಶಾಲು ಹೊದ್ದು ಕಾಣಿಸಿಕೊಳ್ಳುತ್ತಾರೆ. ಹಿಂದೆ ಶಹನಾಯಿ ಮೊಳಗುತ್ತದೆ. ನಾಗರಿಕ ಬಂಧುಗಳೇ ಎಂದು ಶುರು ಮಾಡಿ ಎರಡೂವರೆ ನಿಮಿಷ ಮಾತಾಡುತ್ತಾರೆ. ಅಷ್ಟು ಹೊತ್ತು ಯಾವ ಗುಂಡಿ ಒತ್ತಿದರೂ ಕೆಲಸ ಮಾಡುವುದಿಲ್ಲ. ಜನ ಆ ಹೊತ್ತಿಗೆ ಒಲೆಯ ಮೇಲೆ ಚಹಾ ಇಟ್ಟು ಬರುತ್ತಾರೆ. ಅವರ ಹಿಂದಿನ ಅಧ್ಯಕ್ಷರದು ಒಂದು ನಿಮಿಷವಿತ್ತು, ಅದಕ್ಕೂ ಹಿಂದಿನವರದು ಬರೀ ಹೆಸರು.

ಕದ್ದು ಮಾಡುವ ಕೆಲಸ ನನ್ನದಲ್ಲ, ಹೋಗಿ ಕೇಳಿದೆ. ಫೋಟೋ ಇರಲಿ, ಮಾತು ತೆಗೆಯುತ್ತೇನೆ ಎಂದೆ. ಅದೂ ಬೇಡವಾದರೆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತೇನೆ ಎಂದೆ.

"ಶಾವಂತ್ರೆವ್ವಾರ, ಅದು ನನ್ನ ಸಲುವಾಗಿ ಅಲ್ಲ" ಎಂದರು ಅಧ್ಯಕ್ಷರು. "ಅದು ಊರಿನ ಮರ್ಯಾದಿ. ಬ್ಯಾರೆ ಏನು ಬೇಕಾದ್ರೂ ತಗೀರಿ, ಅದನ್ನ ಮುಟ್ಟಬ್ಯಾಡ್ರಿ. ಹಳೇ ತಿರುಳು ತಗೀರಿ ಅಂತ ಮೊದಲ ಹೇಳೀನಲ್ಲ."

"ಹೇಳೀರಿ. ಕೇಳೀನಿ" ಎಂದೆ. ಒಪ್ಪೀನಿ ಎಂದು ಮಾತ್ರ ನಾನು ಹೇಳಲಿಲ್ಲ.

ಬಂದು ಶುಭಾಶಯವನ್ನು ಅಳಿಸಿದೆ. ಫೋಟೋ, ಶಾಲು, ಶಹನಾಯಿ, ಬಂಧುಗಳೇ, ಎಲ್ಲ. ಕೊನೆಯಲ್ಲಿ ಅಚ್ಚು ಕಟ್ಟಿದವಳು ಎಂದು ಬರುತ್ತಿದ್ದ ನನ್ನ ಹೆಸರೂ ಅದರ ಜೊತೆಗೇ ಹೋಯಿತು. ಅಚ್ಚು ನೂರಾತೊಂಬತ್ತೊಂಬತ್ತಕ್ಕೆ ಇಳಿಯಿತು. ಅದನ್ನು ಗುರುಪಾದಪ್ಪನವರ ಕೈಗೆ ಕೊಟ್ಟೆ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಮನುಷ್ಯ. ಚಪ್ಪಲಿ ಬಿಟ್ಟು ಕಮಿಟಿಯ ಕಚೇರಿಯೊಳಗೆ ಹೋಗುವವರು. ಒತ್ತುವ ಮೊದಲು ರೂಢಿಯಂತೆ ಒಂದು ಬಿಲ್ಲೆ ಮಾಡಿ ನೋಡಿದರು.

"ತಂಗೀ, ಸಾಹೇಬರು ಕಾಣವಲ್ರಲ್ಲ" ಎಂದರು.

"ತಗದೀನ್ರೀ. ನೀವು ನೋಡಿಲ್ಲ ಅಂತ ಹೇಳ್ರಿ, ನನ್ನ ಮ್ಯಾಲ ಹಾಕ್ರಿ."

ಗುರುಪಾದಪ್ಪನವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಹಣೆ ಒರೆಸಿಕೊಂಡರು, ನೀರು ಕುಡಿದರು. ಆಮೇಲೆ ಎದ್ದು ಒತ್ತುಯಂತ್ರದ ಹಿಡಿ ಹಿಡಿದರು.

"ನೋಡಿಲ್ಲ ಅಂದ್ರ ಸುಳ್ಳಾಗತೈತಿ" ಎಂದರು. "ನೋಡೀನಿ. ಒತ್ತತೀನಿ."

ಮೂರು ಸಾವಿರ ಬಿಲ್ಲೆ ಒತ್ತಿದರು. ಓಣಿ ಓಣಿಗೂ ಹಂಚಿಕೆಯಾಯಿತು. ಹಂಚಿಕೆ ಮುಗಿದ ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಒರೆಸುಗಾಳಿ ಬಂತು.

ನಾನು ಆ ಹೊತ್ತಿಗೆ ಟೀಚರ ಶಾಲೆಯಲ್ಲಿದ್ದೆ. ಅವರು ಬಿಲ್ಲೆಯನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು, ಅದರ ಮೇಲೆ ಎಡಗೈ ಮುಚ್ಚಿ ಕೂತಿದ್ದರು. ಹದಿನಾಲ್ಕು ಮಕ್ಕಳೂ ಸುತ್ತ ಕೂತು, ಒಳಗೆ ಏನೂ ಇಲ್ಲದಿದ್ದರೂ ತಮ್ಮ ತಮ್ಮ ಮುಷ್ಟಿಗಳನ್ನು ಬಿಗಿಯಾಗಿ ಹಿಡಿದಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ಯಂತ್ರದ ಸಣ್ಣ ದೀಪ ಆರಿತು. ಅರ್ಧ ಗಂಟೆಯಾಯಿತು. ಹೊರಗೆ ಯಾರೋ ಗಾಳಿ ಹೋಯಿತು ಎಂದು ಕೂಗಿದರು.

ಟೀಚರು ಮುಷ್ಟಿ ಬಿಚ್ಚಿದಾಗ ಅಂಗೈ ಬೆವೆತಿತ್ತು. ಬಿಲ್ಲೆಯನ್ನು ಒರೆಸ ಹೋದವರು, ಇವತ್ತು ಒರೆಸೂದು ಬ್ಯಾಡ ಎಂದು ಹಾಗೆಯೇ ಹಾಕಿದರು. ಕಪ್ಪು ಪರದೆ, ಬಿಳಿ ಗೆರೆ. ಬಿಲ್ಲೆ ಒಳಗೆ ತಿರುಗುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಹೊಸ ತಿರುಳನ್ನು ಮುಟ್ಟಿ ಬಿಟ್ಟಿತು, ನಡುವಿನದನ್ನು ಮುಟ್ಟಿ ಬಿಟ್ಟಿತು. ಪಕ್ಕದಲ್ಲಿದ್ದ ಟೀಚರು ನನ್ನ ಕೈ ಹಿಡಿದರು. ಆಮೇಲೆ ಹಳೆಯ ತಿರುಳು ಬಿಚ್ಚಿಕೊಂಡಿತು. ಶಹನಾಯಿ ಇಲ್ಲ, ಬಂಧುಗಳೇ ಇಲ್ಲ. ಕೀಲಿಮಣೆ ಕೂಡಲೇ ಕೈಗೆ ಬಂತು. ಟೀಚರು ಮೊದಲ ಸಾಲು ಟೈಪ್ ಮಾಡಿ ಗುಂಡಿ ಒತ್ತಿದರು. ಚುಕ್ಕಿಯಂತ್ರ ಓಣಿಯೆಲ್ಲ ಕೇಳುವಂತೆ ಹೊಡೆಯತೊಡಗಿತು. ಮಕ್ಕಳು ಮುಷ್ಟಿ ಬಿಚ್ಚಿ ಕಾಗದದ ಮೇಲೆ ಮುಗಿಬಿದ್ದರು. ನಾನು ಅತ್ತೆ. ಸಂತೋಷಕ್ಕೇ ಅತ್ತೆ, ಅದರಲ್ಲಿ ಮುಚ್ಚುಮರೆ ಏನಿದೆ?

ಕಮಿಟಿ ಕಚೇರಿಯದೂ ಸೇರಿ ಹೊಸ ಯಂತ್ರಗಳು ನಲವತ್ತೂ ಎದ್ದವು. ಊರಿನಲ್ಲಿ ಏಳದೆ ಉಳಿದ ಯಂತ್ರ ಒಂದೂ ಇರಲಿಲ್ಲ. ಚಹಾ ಇಡಲು ಹೋದವರು ಬಂದು ನೋಡುವಷ್ಟರಲ್ಲಿ ಯಂತ್ರ ಕೆಲಸಕ್ಕೆ ಕಾದು ಕೂತಿತ್ತು ಎಂದು ಜನ ಬಾವಿಕಟ್ಟೆಯಲ್ಲಿ ನಕ್ಕರಂತೆ. ಮಧ್ಯಾಹ್ನದ ಹೊತ್ತಿಗೆ ನನಗೆ ಕರೆ ಬಂತು. ಅಂದು ಕುರ್ಚಿಯನ್ನೂ ಕೊಡಲಿಲ್ಲ, ಚಹಾವನ್ನೂ ಕೊಡಲಿಲ್ಲ.

"ಯಾರನ್ನ ಕೇಳಿ ತಗದ್ರಿ?" ಎಂದರು ಅಧ್ಯಕ್ಷರು.

"ನಿಮ್ಮನ್ನ ಕೇಳಿದ್ದೆ. ಒಲ್ಲೆ ಅಂದ್ರಿ. ಅದಕ್ಕ ನಾನ ತಗದೆ."

ಕಮಿಟಿಯ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ತೀರ್ಮಾನವಾಯಿತು. ಭಾನುವಾರ ಊರ ಸಭೆ. ಅಷ್ಟರೊಳಗೆ ನಾನು ಕ್ಷಮೆ ಕೇಳಿ ಪತ್ರ ಬರೆದು ತರಬೇಕು, ಅದನ್ನು ಸಭೆಯಲ್ಲಿ ಎಲ್ಲರ ಮುಂದೆ ಓದಬೇಕು. ಇಲ್ಲದಿದ್ದರೆ ಬಿಲ್ಲೆಮನೆಯ ಕೀಲಿಕೈ ಒಪ್ಪಿಸಿ ಮನೆಗೆ ಹೋಗಬೇಕು. ಇಪ್ಪತ್ತಾರು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೀಲಿಕೈ ಅದು. ಅದು ಹೋದರೆ ನನಗೆ ಬೆಳಿಗ್ಗೆ ಎದ್ದು ಹೋಗಲು ಊರಿನಲ್ಲಿ ಬೇರೆ ಜಾಗವಿಲ್ಲ. ಬರೆದು ತರುತ್ತೇನೆ ಎಂದು ಹೇಳಿ ಬಂದೆ.

ಬರೆದೆ. ನಾಲ್ಕು ಸಾಲು, ಅಷ್ಟೇ ಇತ್ತು ಹೇಳುವುದು. ಅದನ್ನು ಟೀಚರ ಹತ್ತಿರ ಹೋಗಿ ಹೊಡೆಸಿದೆ.

ಭಾನುವಾರ ಚಾವಡಿಯ ಮುಂದೆ ಊರು ನೆರೆದಿತ್ತು. ನಾನು ಮೊದಲು ಸೊಂಟದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟೆ. ಅದರ ಪಕ್ಕದಲ್ಲಿ ಮಡಿಚಿದ ದಪ್ಪ ಕಾಗದ ಇಟ್ಟೆ. ಗುಮಾಸ್ತ ಬಿಚ್ಚಿದ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ, ಬೆಳಕಿಗೆ ಹಿಡಿದ. ಅಧ್ಯಕ್ಷರ ಕೈಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬಿಳಿ ಕಾಗದದ ಮೇಲೆ ಚುಕ್ಕಿಗಳಲ್ಲದೆ ಬೇರೇನೂ ಇರಲಿಲ್ಲ.

"ಏನಿದು? ಇದನ್ನ ಓದೂದು ಹೆಂಗ?"

"ನನಗೂ ಬರೂದಿಲ್ರೀ" ಎಂದೆ. "ಊರಾಗ ಓದಾಕ ಬರೂ ದೊಡ್ಡವರು ಒಬ್ರ ಅದಾರ. ಕರೀರಿ."

ಕರೆಯುವುದು ಬೇಕಿರಲಿಲ್ಲ. ಜೈತುನ್ ಟೀಚರು ಆಗಲೇ ಎದ್ದು ನಿಂತಿದ್ದರು. ಜನ ಸರಿದು ದಾರಿ ಬಿಟ್ಟರು. ಗುರುಪಾದಪ್ಪನವರು ಅವರ ಕೈ ಹಿಡಿದು ಮೇಜಿನವರೆಗೆ ತಂದರು, ಅಂದು ಆ ಮನುಷ್ಯನ ಕಾಲಲ್ಲಿ ಚಪ್ಪಲಿ ಇತ್ತು. ಅಧ್ಯಕ್ಷರು ಬೇರೆ ದಾರಿ ಕಾಣದೆ ಕಾಗದವನ್ನು ಟೀಚರ ಕೈಗೆ ಕೊಟ್ಟರು. ಟೀಚರು ಅದನ್ನು ಮೇಜಿನ ಮೇಲೆ ಹರವಿ, ಬೆರಳಿಟ್ಟು, ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಓದಿದರು.

"ಈ ಸಲದ ಬಿಲ್ಲೆಯಲ್ಲಿ ಮೂರು ತಿರುಳುಗಳಿವೆ. ಊರಿನ ಯಂತ್ರಗಳೆಲ್ಲ ಎದ್ದಿವೆ. ಮುಂದೆ ನಾಲ್ಕನೆಯ ತಿರುಳು ಬಂದರೆ ಅದನ್ನೂ ಇದೇ ಬಿಲ್ಲೆಗೆ ಸೇರಿಸಬೇಕು. ಜಾಗ ಸಾಲದೆ ಹೋದರೆ ಯಾರ ಯಂತ್ರವನ್ನೂ ಮುಟ್ಟದೆ, ಮೊದಲು ಅಚ್ಚು ಕಟ್ಟಿದವಳ ಹೆಸರನ್ನು ತೆಗೆಯಬೇಕು, ಆಮೇಲೆ ಕಟ್ಟಿಸಿದವರದನ್ನು."

ಟೀಚರು ನಿಲ್ಲಿಸಿದರು.

"ಮುಂದ?" ಎಂದರು ಅಧ್ಯಕ್ಷರು.

"ಮುಂದ ಇಲ್ರೀ. ಇಷ್ಟ."

"ಕ್ಷಮಾ ಕೇಳಿದ್ದು ಎಲ್ಲೈತಿ? ಸರಿಯಾಗಿ ನೋಡ್ರಿ."

ಟೀಚರು ಸರಿಯಾಗಿಯೇ ನೋಡಿದರು. ಮೊದಲ ಸಾಲಿನಿಂದ ಶುರು ಮಾಡಿ ಒಂದೊಂದು ಚುಕ್ಕಿಯ ಮೇಲೂ ಬೆರಳಿಟ್ಟು ಕೆಳಗಿನವರೆಗೆ ಬಂದರು. ಖಾಲಿ ಅಂಚುಗಳನ್ನೂ ಸವರಿದರು. ಕಾಗದ ಮಗುಚಿ ಹಿಂಬದಿಯನ್ನೂ ಪೂರ್ತಿ ಸವರಿದರು. ಊರಿನ ಅಷ್ಟೂ ಜನ ಆ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಟೀಚರು ತಲೆ ಎತ್ತಿ ಅಧ್ಯಕ್ಷರ ದನಿ ಬಂದ ಕಡೆಗೆ ತಿರುಗಿದರು.

"ಎಲ್ಲೂ ಇಲ್ರೀ" ಎಂದರು.